ಮೇ ತಿಂಗಳ ಅಡುಗೆಮನೆಗೊಂದು ಥರ್ಮಾಮೀಟರ್

ವಿಜಯಪುರದ ನಮ್ಮ ಮನೆಯಲ್ಲಿ ಮೇ ತಿಂಗಳ ರಾತ್ರಿ ಹತ್ತಕ್ಕೂ ಅಡುಗೆಮನೆಯ ಗೋಡೆಯ ಉಷ್ಣಮಾಪಕ 34 ಡಿಗ್ರಿಯಿಂದ ಕೆಳಗಿಳಿಯುವುದಿಲ್ಲ. ಅಂಥ ಕಟ್ಟೆಯ ಮೇಲೆ ಮಧ್ಯಾಹ್ನದ ಅನ್ನ, ಸಾರು ಮುಚ್ಚಿಟ್ಟು, ರಾತ್ರಿ ಮೂಸಿ ನೋಡಿ ‘ಏನೂ ಆಗಿಲ್ಲ’ ಎಂದು ಬಡಿಸುವುದು ರೂಢಿ. ಮೂಗು ಮೋಸಹೋಗುವುದು ಇಲ್ಲಿಯೇ. ಹಳಸಿದ ವಾಸನೆ ಬರಿಸುವ ಸೂಕ್ಷ್ಮಾಣುಗಳೇ ಬೇರೆ, ವಾಂತಿಭೇದಿ ತರುವವೇ ಬೇರೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇವು ಬೆಳೆಯುತ್ತವೆ. ಹದವಾದ ಬೆಚ್ಚಗೆ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ.

ಮೊದಲು ಚೂಪು ಮೊನೆಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತನ್ನಿ. ಜ್ವರ ನೋಡುವುದು ಇದಕ್ಕೆ ಆಗದು. ಲೋಟದ ತುಂಬ ಐಸ್ ಪುಡಿ ಹಾಕಿ, ಸ್ವಲ್ಪ ನೀರು ಸುರಿದು, ಮೊನೆಯನ್ನು ಅದ್ದಿಡಿ; ಎರಡು ನಿಮಿಷದಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲವೆಂದು ಅಂಗಡಿಯವನ ಜತೆ ಜಗಳಕ್ಕೆ ಹೋಗಬೇಡಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ.

ಮುಂದೆ ಫ್ರಿಜ್. ಅದರೊಳಗಿನ ಗುಂಡಿಯ ಮೇಲಿರುವ 1, 2, 3 ಡಿಗ್ರಿಗಳಲ್ಲ. ನಡು ಅಂಕಣದಲ್ಲಿ ರಾತ್ರಿ ಒಂದು ಲೋಟ ನೀರಿಟ್ಟು ಬೆಳಗ್ಗೆ ಅಳೆಯಿರಿ. 4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಿ. ಫ್ರೀಜರ್ ಮೈನಸ್ 18ರಲ್ಲಿರಲಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ. ಮಕ್ಕಳಿಗೆ ಇದನ್ನು ಹೇಳುವುದೇ ದೊಡ್ಡ ಕೆಲಸ.

ಬೇಯಿಸುವಾಗ ಕೋಳಿಯ ಅತಿ ದಪ್ಪನೆಯ ಭಾಗಕ್ಕೆ, ಎಲುಬಿಗೆ ತಾಗದಂತೆ ಮೊನೆ ಚುಚ್ಚಿ: 74 ಮುಟ್ಟಬೇಕು. ಖೀಮಾಕ್ಕೆ 71. ಕೊತಕೊತ ಕುದಿಯುವ ಬೇಳೆಗೆ ಅಳತೆಯ ಗೊಡವೆ ಬೇಡ.

ನಿಜವಾದ ಪರೀಕ್ಷೆ ಒಲೆ ಆರಿಸಿದ ಮೇಲೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಕುದ್ದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ‘ಇನ್ನೊಮ್ಮೆ ಕುದಿಸಿದರಾಯಿತು’ ಎನ್ನುವ ಮಾತು ಇಲ್ಲಿ ನಡೆಯದು. ಆದ್ದರಿಂದ ಅಡುಗೆ ಹೊರಗಿರಬಹುದಾದದ್ದು 2 ಗಂಟೆ, ಸುತ್ತಲಿನ ಬಿಸಿ 32 ಡಿಗ್ರಿ ದಾಟಿದರೆ 1 ಗಂಟೆ ಮಾತ್ರ. ಅಂದರೆ ನಮ್ಮ ಬೇಸಿಗೆಗೆ ಒಂದೇ ಗಂಟೆ ಎಂದಿಟ್ಟುಕೊಳ್ಳಿ.

ಉಳಿದ ಅನ್ನವನ್ನು ಪರಾತದಲ್ಲಿ ತೆಳ್ಳಗೆ ಹರಡಿ. ಸಾರನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಕದಡಿ. ಹಬೆ ನಿಂತೊಡನೆ ಫ್ರಿಜ್ಜಿಗೆ. ಒಮ್ಮೆ ನಾನು ಮಟನ್ ಸಾರಿನ ಪಾತೇಲಿಯನ್ನು ಇಡಿಯಾಗಿ ಒಳಗಿಟ್ಟು, 3 ಗಂಟೆ ಬಿಟ್ಟು ಮೊನೆ ಅದ್ದಿ ನೋಡಿದೆ. ಮೇಲಿನ ಕೊಬ್ಬು ಗಟ್ಟಿಯಾಗಿತ್ತು, ನಡುವೆ ಇನ್ನೂ 38! ಮತ್ತೆ ಬಿಸಿ ಮಾಡುವಾಗ ಬೇಕಾದಷ್ಟನ್ನೇ ತೆಗೆದು 74ಕ್ಕೆ ಏರಿಸಿ, ಅದೂ ಒಂದೇ ಬಾರಿ.

ಚಳಿಗಾಲದ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಯ ಲೆಕ್ಕವನ್ನು ಮೇ ತಿಂಗಳ ಬಸ್ ಪ್ರಯಾಣಕ್ಕೆ ಹಚ್ಚಬೇಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹೆದರಿಕೆಯಿಲ್ಲದೆ ಕಟ್ಟಿಕೊಳ್ಳಿ. ಅವುಗಳಲ್ಲಿ ಸೂಕ್ಷ್ಮಾಣು ಬೆಳೆಯುವಷ್ಟು ನೀರಿಲ್ಲ. ಅದರ ಪಕ್ಕದ ಎಣ್ಣೆಗಾಯಿ ಮೇಲೆ ಎಷ್ಟೇ ಎಣ್ಣೆ ತೇಲಿದರೂ ಬದನೆಯ ಹೊಟ್ಟೆಯೊಳಗೆ ತೇವವೇ. ಅದನ್ನು ಐಸ್ ಚೀಲದೊಂದಿಗೆ ಕಟ್ಟಿ, ಇಲ್ಲವೇ ಬಸ್ ಹತ್ತುವ ಮೊದಲೇ ತಿಂದು ಮುಗಿಸಿ.