ಓನ್ ನುಟ್‌ನ ಒಂದು ಸೋಯಿಯಲ್ಲಿ

ಬ್ಯಾಂಕಾಕ್‌ಗೆ ಹೋದ ಮೊದಲ ತಿಂಗಳಲ್ಲೇ ಮೂರು ರೂಮು ಬದಲಿಸಿದೆ. ಸೀಲೋಮ್‌ನಲ್ಲಿ ಹತ್ತು ದಿನ, ಆರೀಯಲ್ಲಿ ಹತ್ತು ದಿನ, ಸೇನ್ ಸೇಪ್ ಕಾಲುವೆಯ ಪಕ್ಕ ಇನ್ನೊಂದು ವಾರ. ಊರೂ ನೋಡಿದ ಹಾಗಾಯಿತು, ಕೆಲಸವೂ ಸಾಗುತ್ತದೆ ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಪ್ರತಿ ಸಲವೂ ವೈಫೈ ಹೇಗಿದೆಯೋ, ಕುರ್ಚಿ ಹೇಗಿದೆಯೋ, ಊಟ ಎಲ್ಲಿ ಸಿಗುತ್ತದೋ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಅದೂ 2025ರ ಜನವರಿ. ಹೊಗೆ ಮುಸುಕಿ ಎದುರಿನ ಕಟ್ಟಡವೇ ಮಂಕಾಗಿ ಕಾಣುತ್ತಿತ್ತು. ಜನ ಕಾರು ಮನೆಯಲ್ಲೇ ಬಿಟ್ಟು ಬರಲಿ ಎಂದು ಸರ್ಕಾರ ಒಂದು ವಾರ ರೈಲು, ಬಸ್ಸು ಎಲ್ಲ ಉಚಿತ ಮಾಡಿತ್ತು. ಮಾಸ್ಕ್ ಹಾಕಿಕೊಂಡು ಸೂಟ್‌ಕೇಸ್ ಎಳೆಯುತ್ತಾ ಬಿಟಿಎಸ್ ಎಂಬ ಮೆಟ್ರೋ ರೈಲಿನ ನಿಲ್ದಾಣದ ಮೆಟ್ಟಿಲು ಹತ್ತುವಾಗ ತೀರ್ಮಾನ ಮಾಡಿದೆ: ಇನ್ನು ಒಂದೇ ಕಡೆ ಇರುವುದು.

ನಾನು ದಾವಣಗೆರೆಯವಳು. ಸಾಫ್ಟ್‌ವೇರ್ ಕಂಪನಿಗಳಿಗೆ ಬಳಕೆದಾರರ ಕೈಪಿಡಿ ಬರೆದುಕೊಡುವುದು ನನ್ನ ಕೆಲಸ. ಕೆಲಸ ಕೊಡುವವರು ಬೆಂಗಳೂರಿನಲ್ಲಿ ಒಬ್ಬರು, ಜರ್ಮನಿಯಲ್ಲಿ ಒಬ್ಬರು. ಬ್ಯಾಂಕಾಕ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಬೆಂಗಳೂರಿನವರು ಹತ್ತಕ್ಕೆ ಮೀಟಿಂಗ್ ಇಟ್ಟರೆ ನನಗೆ ಹನ್ನೊಂದೂವರೆ. ಚಳಿಗಾಲದಲ್ಲಿ ಜರ್ಮನಿಯ ಒಂಬತ್ತು ಅಂದರೆ ನನಗೆ ಮಧ್ಯಾಹ್ನ ಮೂರು. ಹೀಗಾಗಿ ಬೆಳಗ್ಗೆ ಐದೂವರೆಯಿಂದ ಹನ್ನೊಂದರವರೆಗೆ ಯಾರೂ ಕರೆಯುವುದಿಲ್ಲ. ಆ ಹೊತ್ತಿನಲ್ಲೇ ನನ್ನ ನಿಜವಾದ ಬರವಣಿಗೆ ಆಗುತ್ತಿದ್ದದ್ದು. ಊರಲ್ಲಿದ್ದಾಗ ಇಂಥ ಬೆಳಗು ನನಗೆ ಸಿಕ್ಕಿರಲೇ ಇಲ್ಲ.

ಫೆಬ್ರವರಿ ಮೊದಲ ದಿನ ಓನ್ ನುಟ್ ಎಂಬ ಬಡಾವಣೆಗೆ ಬಂದೆ. ಸುಖುಮ್ವಿತ್ ಎಂಬ ಉದ್ದನೆಯ ಹೆದ್ದಾರಿಗೆ ಎರಡೂ ಬದಿ ಸೋಯಿಗಳು, ಅಂದರೆ ಅಡ್ಡರಸ್ತೆಗಳು. ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. ಎದುರುಬದುರಿನ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೆ ಮೊದಲ ವಾರ ದಾರಿ ತಪ್ಪಿಯೇ ತಪ್ಪುತ್ತದೆ. ಹನ್ನೊಂದನೇ ಮಹಡಿಯಲ್ಲಿ ಒಂದು ಕೋಣೆಯ ಕಾಂಡೋ, ಅಂದರೆ ಫ್ಲ್ಯಾಟ್, ತಿಂಗಳಿಗೆ 11 ಸಾವಿರ ಬಾತ್. ಎರಡು ತಿಂಗಳ ಬಾಡಿಗೆ ಡಿಪಾಸಿಟ್, ಒಂದು ತಿಂಗಳದ್ದು ಮುಂಗಡ. ಅಲ್ಲಿ ಸಾಮಾನ್ಯವಾಗಿ ಇದೇ ಪದ್ಧತಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವಳಿಗೆ ಇದು ದೊಡ್ಡ ಸಮಾಧಾನ.

ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ಕರೆಂಟಿನ ದರ. ಮೊದಲ ತಿಂಗಳು ನಾನಿದ್ದ ಒಂದು ಕಡೆ ಮಾಲೀಕರೇ ಯೂನಿಟ್‌ಗೆ 8 ಬಾತ್ ಹಾಕುತ್ತಿದ್ದರು. ಮೀಟರ್ ನೇರವಾಗಿ ನಗರದ ವಿದ್ಯುತ್ ಪ್ರಾಧಿಕಾರದ್ದಾದರೆ ಆಗ ನಾಲ್ಕು ಬಾತ್ ಚಿಲ್ಲರೆ ಇತ್ತು. ಬಾಗಿಲು ಹಾಕಿಕೊಂಡು ದಿನವಿಡೀ ಏಸಿಯಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಬಿಲ್ ಬಂದರೆ ಕೆಳಗಿನ ಸೆವೆನ್ ಇಲೆವೆನ್ ಅಂಗಡಿಯಲ್ಲೇ ಕಟ್ಟಬಹುದು.

ವೀಸಾ ವಿಷಯದಲ್ಲಿ ಅಡ್ಡದಾರಿ ಹಿಡಿಯಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಪ್ರವಾಸಿ ಅಂತ ಒಳಗೆ ಹೋಗಿ ಸದ್ದಿಲ್ಲದೆ ಕೆಲಸ ಮಾಡುವವರು ಬಹಳ. ಇಮಿಗ್ರೇಷನ್ ಕೌಂಟರಿನ ಮುಂದೆ ನಿಂತಾಗಲೆಲ್ಲ ಎದೆ ಹೊಡೆದುಕೊಳ್ಳುವ ಬದುಕು ನನಗೆ ಬೇಡವಾಗಿತ್ತು. 2024ರ ಜುಲೈನಲ್ಲಿ ಥಾಯ್ಲೆಂಡ್ ಡಿಟಿವಿ ಎಂಬ ವೀಸಾ ಶುರು ಮಾಡಿತು. ಐದು ವರ್ಷದ ಅವಧಿ, ಒಂದು ಸಲ ಒಳಗೆ ಬಂದರೆ 180 ದಿನ. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆಂದೇ ಮಾಡಿದ್ದು. ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇರಬೇಕು. ಆಗಿನ ಲೆಕ್ಕದಲ್ಲಿ ಅದು ಸುಮಾರು 12 ಲಕ್ಷ ರೂಪಾಯಿ. ಅಷ್ಟು ಕೂಡಿಡಲು ನನಗೆ ನಾಲ್ಕು ವರ್ಷ ಹಿಡಿಯಿತು. ಅರ್ಜಿಯನ್ನು ಥಾಯ್ಲೆಂಡಿನ ಹೊರಗಿದ್ದೇ ಹಾಕಬೇಕು. ಕೆಲಸದ ಕರಾರು ಪತ್ರಗಳು ಹಿಂದಿನ ವರ್ಷವೇ ಕೈಯಲ್ಲಿದ್ದದ್ದು ಒಳ್ಳೆಯದಾಯಿತು.

ಹೋದಮೇಲೂ ಕಾಗದಪತ್ರ ಮುಗಿಯುವುದಿಲ್ಲ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಟಿಎಂ30 ಎಂಬ ವರದಿ ಕೊಡಬೇಕು. ಕೊಟ್ಟರೋ ಇಲ್ಲವೋ ನೀವೇ ಕೇಳಿ ರಸೀದಿ ಇಟ್ಟುಕೊಳ್ಳಿ. 90 ದಿನ ಆದಮೇಲೆ ನಿಮ್ಮ ವಿಳಾಸವನ್ನು ನೀವೇ ತಿಳಿಸಬೇಕು. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಇದ್ದುಬಿಟ್ಟರೆ ಅಲ್ಲಿನ ತೆರಿಗೆ ಕಾನೂನಿನ ಕಣ್ಣಿಗೆ ನಿವಾಸಿ. 2024ರಿಂದ ಹೊರಗೆ ದುಡಿದು ಒಳಗೆ ತಂದ ಹಣಕ್ಕೂ ತೆರಿಗೆಯ ಲೆಕ್ಕ ಬರುತ್ತದೆ. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ದಿನ ದಿನಕ್ಕೂ ಗೀಟು ಹಾಕುತ್ತಾ, ಜೂನ್ ಮುಗಿಯುವ ಮೊದಲೇ ವಾಪಸ್ ಹೊರಡುವ ಟಿಕೆಟ್ ತೆಗೆದಿಟ್ಟುಕೊಂಡಿದ್ದೆ.

ಊಟದ ಕಥೆ ಬೇರೆಯೇ. ನಾನು ಮಾಂಸ ತಿನ್ನುವವಳಲ್ಲ. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ, ಬರೀ ತರಕಾರಿ ಅಂದರೂ ಆಯ್‌ಸ್ಟರ್ ಸಾಸ್ ಸುರಿಯುತ್ತಾರೆ. ಕೆಲಸಕ್ಕೆ ಬಂದದ್ದು ಒಂದೇ ಪದ, 'ಜೇ'. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಚೀನೀ ಮೂಲದವರ ವ್ರತದ ಅಡುಗೆ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೆಳ್ಳುಳ್ಳಿ ಒಗ್ಗರಣೆಯಲ್ಲೇ ಬೆಳೆದ ನನಗೆ ಸಪ್ಪೆ ಅನಿಸಿದರೂ ನೆಮ್ಮದಿಯಿಂದ ತಿನ್ನಬಹುದಿತ್ತು. ಕಾಂಡೋದಲ್ಲಿ ಅಡುಗೆಮನೆ ಅಂತ ಇರಲಿಲ್ಲ. ಒಂದು ರೈಸ್ ಕುಕ್ಕರ್ ತಂದೆ, ಫಾಹುರತ್‌ನ ಭಾರತೀಯ ಅಂಗಡಿಗಳಿಂದ ತೊಗರಿಬೇಳೆ ತಂದೆ. ಮಾರ್ಕೆಟ್ಟಿನಲ್ಲಿ ಕಾಯಿಯನ್ನು ಕಣ್ಣೆದುರೇ ಯಂತ್ರದಲ್ಲಿ ತುರಿದುಕೊಡುತ್ತಾರೆ. ಹುಣಸೆಹಣ್ಣೂ ಬೇಕಾದಷ್ಟು. ವಾರಕ್ಕೆರಡು ದಿನ ಸಾರು ಅನ್ನ ಆಗುತ್ತಿತ್ತು.

ಉಳಿದ ದಿನ ಸೋಯಿಯ ಬಾಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದ ಪಾ. ಪಾ ಎಂದರೆ ದೊಡ್ಡಮ್ಮ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ನಮ್ಮಲ್ಲಿ ಅಕ್ಕ, ಅಣ್ಣ ಅನ್ನುವ ಹಾಗೆ ಅಲ್ಲಿ ದೊಡ್ಡವರೆಲ್ಲ ಪೀ, ಚಿಕ್ಕವರೆಲ್ಲ ನೋಂಗ್. ನಾನು ಆ ಸೋಯಿಯ ನೋಂಗ್ ಆದೆ. ಪಾ ಮಾಡುವುದು ಕಪ್ರಾವ್ ಎಲೆಯ ಹುರಿದ ಪಲ್ಯ. ಮೊದಲ ದಿನ ಆ ಎಲೆ ಮೂಸಿ ನೋಡಿ ಸುಮ್ಮನೆ ನಿಂತುಬಿಟ್ಟೆ. ತುಳಸಿ. ನಮ್ಮ ಹಿತ್ತಿಲ ಕಟ್ಟೆಯ ತುಳಸಿಯೇ, ಬಿಸಿ ಬಾಣಲೆಗೆ ಹಿಡಿ ಹಿಡಿಯಾಗಿ ಬೀಳುತ್ತಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಅಯ್ಯೋ, ಒಲಿಗೆ ಹಾಕ್ತಾರೇನೇ?" ಅಂದರು. ನನಗೆ ತೋಫು, ಅಣಬೆ ಹಾಕಿ ಬೇರೆ ಮಾಡಿಕೊಡಿ ಅಂತ ಕೇಳಬೇಕಿತ್ತು. ಕೇಳಲು ಭಾಷೆ ಬೇಕಿತ್ತು.

ಕಲಿಯುವುದನ್ನು ಅಕ್ಷರದಿಂದ ಶುರು ಮಾಡಿದೆ. ಇದರಲ್ಲಿ ನಮಗೆ, ಕನ್ನಡ ಓದುವವರಿಗೆ, ದೊಡ್ಡ ಅನುಕೂಲವಿದೆ, ಯಾಕೋ ಯಾರೂ ಹೇಳುವುದಿಲ್ಲ. ಥಾಯ್ ವ್ಯಂಜನಗಳು 44, ಆದರೆ ಸಾಲು ನಮ್ಮದೇ: ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ. ಪಲ್ಲವ ಲಿಪಿಯಿಂದ ಖ್ಮೇರ್ ಮೂಲಕ ಹೋದ ಅಕ್ಷರಗಳು. ಒಂದನೇ ತರಗತಿಯಲ್ಲಿ ತಿದ್ದಿದ ಕ್ರಮವೇ ಅಲ್ಲಿ ಕಾದು ಕೂತಿದ್ದ ಹಾಗಿತ್ತು. ಉಚ್ಚಾರ ಮಾತ್ರ ಬದಲಾಗಿದೆ. ಗಕಾರ ಖ ಆಗುತ್ತದೆ, ಭಕಾರ ಫ ಆಗುತ್ತದೆ, ಪದದ ಕೊನೆಯ ರಕಾರ ನ್ ಆಗುತ್ತದೆ. ಈ ಮೂರು ಬೀಗದಕೈ ಸಿಕ್ಕ ದಿನ ಬೋರ್ಡುಗಳೆಲ್ಲ ಮಾತಾಡತೊಡಗಿದವು. ಆಹಾರ 'ಆಹಾನ್', ನಗರ 'ನಖೋನ್', ಗುರು 'ಖ್ರೂ', ಭಾಷಾ 'ಫಾಸಾ'. ಬ್ಯಾಂಕಿನ ಮೇಲೆ 'ಥನಾಖಾನ್' ಅಂತಿದ್ದದ್ದು ಧನಾಗಾರ. ಬಿಟಿಎಸ್ ಕಿಟಕಿಯಿಂದ ಒಂದೊಂದೇ ಓದುತ್ತಾ ಎರಡು ಸಲ ಇಳಿಯುವ ನಿಲ್ದಾಣ ದಾಟಿ ಹೋಗಿದ್ದೇನೆ. ಮಾತಿನ ದನಿಯ ಏರಿಳಿತ ಇವತ್ತಿಗೂ ನನಗೆ ಸರಿಯಾಗಿ ಹಿಡಿಯಲು ಬರುವುದಿಲ್ಲ. ಆದರೂ ಎರಡು ವಾಕ್ಯ ಗಟ್ಟಿ ಮಾಡಿಕೊಂಡೆ: "ಕಿನ್ ಜೇ ಖಾ", ನಾನು ಜೇ ಊಟ ಮಾಡುವವಳು, "ಮೈ ಸಾಯ್ ನಾಮ್ ಪ್ಲಾ", ಮೀನಿನ ರಸ ಹಾಕಬೇಡಿ. ಪಾ ಪ್ರತಿ ದಿನ ಅದನ್ನು ತಿದ್ದಿ ನನ್ನಿಂದ ಮತ್ತೆ ಹೇಳಿಸಿ, ಆಮೇಲೇ ಬಾಣಲೆ ತೊಳೆದು ಒಲೆಯ ಮೇಲಿಡುತ್ತಿದ್ದರು.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ ಒಂದೂ ಇಪ್ಪತ್ತರ ಸುಮಾರಿಗೆ ಬೆಂಗಳೂರಿನವರ ಜೊತೆ ಕಾಲ್‌ನಲ್ಲಿದ್ದೆ. ತಲೆ ಸುತ್ತಿದ ಹಾಗಾಯಿತು. ಬೆಳಗ್ಗೆ ಸರಿಯಾಗಿ ತಿಂದಿರಲಿಲ್ಲ, ಅದಕ್ಕೇ ಅಂದುಕೊಂಡೆ. ಆಮೇಲೆ ಕಪಾಟಿನ ಬಾಗಿಲು ತಾನೇ ತೆರೆದು ಮುಚ್ಚಿತು, ಗೋಡೆಯೊಳಗಿಂದ ಕಟಕಟ ಸದ್ದು. ಮ್ಯಾನ್ಮಾರ್‌ನಲ್ಲಿ 7.7 ತೀವ್ರತೆಯ ಭೂಕಂಪವಾಗಿತ್ತು, ಅದರ ಅಲೆ ಅಷ್ಟು ದೂರ ಬಂದು ಬ್ಯಾಂಕಾಕಿನ ಮೆದು ಮಣ್ಣಿನ ಮೇಲಿನ ಎತ್ತರದ ಕಟ್ಟಡಗಳನ್ನು ತೂಗಿತ್ತು ಎಂಬುದೆಲ್ಲ ತಿಳಿದದ್ದು ಆಮೇಲೆ. ಬರಿಗಾಲಲ್ಲಿ ಹನ್ನೊಂದು ಮಹಡಿ ಇಳಿದೆ. ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ಪರ್ಸ್ ಎಲ್ಲ ಮೇಲೆಯೇ. ಅಂದಿನಿಂದ ಬಾಗಿಲ ಪಕ್ಕ ಒಂದು ಚೀಲ ಸಿದ್ಧವಿರುತ್ತದೆ, ಈಗ ದಾವಣಗೆರೆಯ ಮನೆಯಲ್ಲೂ.

ಕೆಳಗೆ ಕಾವಲಿನ ಲುಂಗ್, ಅಂದರೆ ದೊಡ್ಡಪ್ಪ, ಬಂದವರನ್ನೆಲ್ಲ ಎಣಿಸುತ್ತಿದ್ದರು. ನನ್ನನ್ನು ಕಂಡೊಡನೆ ಹಿಂದಿರುಗಿ, "ಹನ್ನೊಂದನೇ ಮಹಡಿಯ ನೋಂಗ್ ಬಂದಳು" ಎಂದು ಯಾರಿಗೋ ಕೂಗಿ ಹೇಳಿದರು. ನನ್ನ ರೂಮು ಯಾವುದು ಅಂತ ಅವರಿಗೆ ಗೊತ್ತಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಇದೇ ಕಂಪನ ಜನವರಿಯಲ್ಲಿ ಆಗಿದ್ದರೆ ಎಂದು ಅಲ್ಲೇ ನಿಂತು ಯೋಚಿಸಿದೆ. ಆ ಮೂರು ರೂಮುಗಳಲ್ಲಿ ಯಾವುದರಿಂದ ಇಳಿದು ಬಂದಿದ್ದರೂ ನನ್ನನ್ನು ಲೆಕ್ಕಕ್ಕೆ ಹಿಡಿಯುವವರು ಯಾರೂ ಇರಲಿಲ್ಲ.

ಬಿಟಿಎಸ್ ನಿಂತಿತ್ತು. ಚತುಚಕ್‌ನಲ್ಲಿ ಕಟ್ಟುತ್ತಿದ್ದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ ಕಟ್ಟಡ ಕುಸಿದು ಕೆಲಸಗಾರರು ಅಡಿಯಲ್ಲಿ ಸಿಕ್ಕಿಕೊಂಡ ಸುದ್ದಿ ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ಹರಿಯಿತು. ಆ ರಾತ್ರಿ ಮೇಲೆ ಹೋಗಲು ಹೆದರಿದವರಿಗಾಗಿ ನಗರಪಾಲಿಕೆ ಪಾರ್ಕುಗಳನ್ನು ತೆರೆದಿಟ್ಟಿತು. ನಾವು ಸೋಯಿಯಲ್ಲೇ ಫುಟ್‌ಪಾತಿನ ಮೇಲೆ ಕೂತೆವು. ಜರ್ಮನಿಯವರಿಗೆ ಯಾರದೋ ಫೋನಿನಿಂದ ಮೆಸೇಜ್ ಕಳಿಸಿದೆ. ಮನೆಗೂ ಕಳಿಸಿದೆ, ಅಮ್ಮ ಅಷ್ಟರಲ್ಲೇ ಟಿವಿಯಲ್ಲಿ ನೋಡಿಬಿಟ್ಟಿದ್ದರು.

ಐದು ಗಂಟೆಯ ಹೊತ್ತಿಗೆ ಪಾ ಗಾಡಿಯ ಒಲೆ ಹಚ್ಚಿದರು. ಸಾಲಿನಲ್ಲಿ ನನ್ನ ಸರದಿ ಬಂದಾಗ ಬಾಯಿ ತೆರೆದೆ, ಅವರು ಸೌಟು ಎತ್ತಿ ತಡೆದರು. "ಕಿನ್ ಜೇ. ಮೈ ಸಾಯ್ ನಾಮ್ ಪ್ಲಾ" ಎಂದು ತಾವೇ ಹೇಳಿ, ಬಾಣಲೆ ತೊಳೆದು, ತುಳಸಿ ಹಾಕಿದರು. ದುಡ್ಡು ಮೇಲೆ ರೂಮಿನಲ್ಲಿದೆ ಎಂದು ಕೈ ಮಾಡಿ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ, ಹಿಂದಿನವರನ್ನು ಮುಂದೆ ಕರೆದರು.