ಚಳಿಗಾಲದ ಬೆಳಗ್ಗೆ ಸೇಫ್ಟಿ ಕನ್ನಡಕಕ್ಕೆ ಆವಿ ಕಟ್ಟಬಾರದು ಅಂದ್ರೆ

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗೀತು ಅಂದ್ರೆ ನಮ್ಮಂಥ ಗ್ರಿಲ್, ಗೇಟ್ ಕೆಲಸದವರಿಗೆ ಒಂದು ಹೊಸ ಕಾಟ ಶುರು. ಬೆಳಗ್ಗೆ ಏಳೂವರೆಗೆ ಸೈಟಲ್ಲಿ ಮಷಿನ್ ಹಿಡಿದು ಎರಡು ಪೈಪ್ ಕತ್ತರಿಸೋದ್ರೊಳಗೆ ಕನ್ನಡಕದ ಒಳಗೆಲ್ಲ ಬೆಳ್ಳಗೆ ಆವಿ. "ಏನೂ ಕಾಣವಲ್ದು ನೋಡ್ರಿ ಮೇಸ್ತ್ರಿ" ಅಂತ ನಮ್ಮ ರಾಯಚೂರಿನ ಹುಡುಗ ಅದನ್ನ ಹಣೆಗೆ ಏರಿಸ್ತಾನೆ, ಬರಿಗಣ್ಣಲ್ಲೇ ಮುಂದಿನ ಪೈಪಿಗೆ ಕೈ ಹಾಕ್ತಾನೆ. ಆ ಮಷಿನ್ನು, ಅಂದ್ರೆ ನಾಲ್ಕಿಂಚಿನ ಡಿಸ್ಕಿನ ಗ್ರೈಂಡರ್, ನಿಮಿಷಕ್ಕೆ ಹೆಚ್ಚುಕಮ್ಮಿ 11,000 ಸುತ್ತು ತಿರುಗುತ್ತೆ. ಅದರಿಂದ ಹಾರಿದ ಕಬ್ಬಿಣದ ಚೂರು ಕಣ್ಣುಗುಡ್ಡೆಗೆ ಕಚ್ಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಸುತ್ತ ತುಕ್ಕಿನ ಉಂಗುರ ಬೀಳಬಹುದು. ಮಿಂಟೋ ಆಸ್ಪತ್ರೆಗೆ ಹೋಗಿ ಚೂರು ತೆಗೆಸಿದರೂ ಆ ತುಕ್ಕನ್ನ ಬೇರೆಯಾಗಿ ಕೆರೆದು ತೆಗೀಬೇಕಾಗುತ್ತೆ.

"ಹಾಕ್ಕೊಳ್ಳೋ" ಅಂತ ಬೈದು ಉಪಯೋಗ ಇಲ್ಲ. ಕಾಣದ ಕನ್ನಡಕವನ್ನ ಯಾರೂ ಹಾಕಲ್ಲ. ಮೇಸ್ತ್ರಿಯಾದವನು ಅದು ಕಾಣೋ ಹಾಗೆ ಮಾಡಿಕೊಡಬೇಕು, ಆಮೇಲೆ ಬೈಬೇಕು.

ಇದಕ್ಕೆ ಹಿಮ ಬೀಳೋ ಊರೇ ಆಗಬೇಕಂತಿಲ್ಲ. ನಾವು ಬಿಡೋ ಉಸಿರು ಸುಮಾರು 34 ಡಿಗ್ರಿ ಬಿಸಿ, ಜೊತೆಗೆ ನೀರಾವಿ ತುಂಬಿಕೊಂಡೇ ಬರುತ್ತೆ. ಜನವರಿ ಬೆಳಗ್ಗೆ ನಮ್ಮೂರಲ್ಲಿ 15-16 ಡಿಗ್ರಿ. ರಾತ್ರಿಯೆಲ್ಲ ಗಾಡಿಯ ಟೂಲ್ ಬಾಕ್ಸಲ್ಲಿದ್ದ ಕನ್ನಡಕವೂ ಅಷ್ಟೇ ಥಂಡಿ. ಬಿಸಿ ಉಸಿರು ಆ ಗಾಜಿಗೆ ತಾಗಿದ ಕೂಡಲೇ ನೀರಾವಿ ಸಣ್ಣ ಹನಿಯಾಗಿ ಕೂತುಬಿಡುತ್ತೆ. ಯಲಹಂಕ, ದೇವನಹಳ್ಳಿ ಕಡೆಯ ಬಯಲು ಸೈಟುಗಳಲ್ಲಿ ಮಂಜು ಬಿದ್ದ ದಿನ ಇನ್ನೂ ಕಷ್ಟ. ಗಾಳಿಯೇ ತೇವ ಕುಡಿದು ತುಂಬಿರುತ್ತೆ, ಕೂತ ಹನಿ ಒಣಗೋದೇ ಇಲ್ಲ.

ಎಲ್ಲರೂ ಮೊದಲು ಕೇಳೋದು ಆವಿ ತಡೆಯೋ ಸ್ಪ್ರೇ. ಗಾಜಿಗೆ ಏನಾದ್ರೂ ಹಚ್ಚೋ ವಿಷಯವನ್ನ ನಾನು ಕೊನೆಗೆ ಇಡ್ತೀನಿ. ಮೊದಲು ನೋಡಬೇಕಾದ್ದು ಉಸಿರು ಯಾವ ಕಡೆ ಹೋಗ್ತಿದೆ ಅನ್ನೋದನ್ನ. ಚಳಿ ಅಂತ ಹುಡುಗರು ಮಂಕಿ ಕ್ಯಾಪ್ ಎಳ್ಕೊಂಡು, ಮಫ್ಲರನ್ನ ಮೂಗಿನ ಮೇಲೆ ಬಿಗಿಯಾಗಿ ಸುತ್ತಿರ್ತಾರೆ. ಇಲ್ಲಾಂದ್ರೆ ಧೂಳಿಗೆ ಅಂತ ಕರ್ಚೀಫ್ ಕಟ್ಟಿರ್ತಾರೆ. ಬಟ್ಟೆ ಮುಂದೆ ಅಡ್ಡ ಇರುತ್ತೆ, ಮೂಗಿನ ಎರಡೂ ಪಕ್ಕ ಸಂದು ಇರುತ್ತೆ. ಉಸಿರೆಲ್ಲ ನೆಟ್ಟಗೆ ಮೇಲಕ್ಕೆ, ಕನ್ನಡಕದೊಳಕ್ಕೇ. ಮಫ್ಲರನ್ನ ಗದ್ದದ ಕೆಳಗೆ ಇಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಅದೂ ಅಲ್ಲದೆ ತಿರುಗೋ ಮಷಿನ್ ಹತ್ತಿರ ಮಫ್ಲರ್ ತುದಿ ನೇತಾಡೋದು ಕನ್ನಡಕಕ್ಕಿಂತ ದೊಡ್ಡ ಅಪಾಯ, ಕೆಲಸದ ಹೊತ್ತಲ್ಲಿ ಅದು ಬೇಡವೇ ಬೇಡ. ಕಿವಿಗೆ ಟೋಪಿ ಸಾಕು.

ಧೂಳಿಗೆ ಮಾಸ್ಕ್ ಬೇಕೇ ಬೇಕು, ಅದರಲ್ಲೂ ಗ್ರಾನೈಟು, ಕಾಂಕ್ರೀಟು ಕತ್ತರಿಸೋವಾಗ. ಎನ್95ರಲ್ಲಿ ಮೂಗಿನ ಮೇಲೆ ತಗಡಿನ ಪಟ್ಟಿ ಇರುತ್ತಲ್ಲ, ಅದನ್ನ ಒಂದು ಕೈಯಲ್ಲಿ ಚಿವುಟಬೇಡಿ, ಮಧ್ಯದಲ್ಲಿ ಮಡಿಕೆ ಬಿದ್ದು ಸಂದು ಹಾಗೇ ಉಳಿಯುತ್ತೆ. ಎರಡೂ ಕೈಯ ಬೆರಳಿಟ್ಟು ಮೂಗಿನ ನಡುವಿಂದ ಕೆನ್ನೆ ಕಡೆಗೆ ಒತ್ತುತ್ತಾ ಹೋಗಿ. ಆಮೇಲೆ ಜೋರಾಗಿ ಉಸಿರು ಬಿಟ್ಟು ನೋಡಿ. ರೆಪ್ಪೆಗೆ ಬಿಸಿ ತಾಗಿದರೆ ಇನ್ನೂ ಸಂದಿದೆ ಅಂತ ಅರ್ಥ. ಮುಂದೆ ವಾಲ್ವ್ ಇರೋ ಮಾಸ್ಕ್ ಆದರೆ ಇನ್ನೂ ವಾಸಿ, ಉಸಿರು ಅಲ್ಲಿಂದಲೇ ಹೊರಗೆ ಹೋಗುತ್ತೆ. ಮಾಸ್ಕಿನ ಮೇಲಂಚಿನ ಮೇಲೆ ಕನ್ನಡಕ ಕೂರಬೇಕು, ಒಳಗೆ ಸಿಕ್ಕಿಕೊಳ್ಳಬಾರದು.

ಇನ್ನು ಹಣೆಯ ವಿಷಯ. ಆವಿ ಕಟ್ಟಿತು ಅಂತ ಹಣೆಗೆ ಏರಿಸಿದ ಕನ್ನಡಕಕ್ಕೆ ಆವಿ ಇನ್ನೂ ಜಾಸ್ತಿ ಆಗುತ್ತೆ. ಮೈ ಬಿಸಿಯಾಗಿರುತ್ತೆ, ಟೋಪಿಯ ಕೆಳಗೆ ಹಣೆ ಬೆವರಿರುತ್ತೆ, ಆ ತೇವ ಎಲ್ಲ ಗಾಜಿನ ಒಳಮೈಗೆ. ಮತ್ತೆ ಕೆಳಗೆ ಎಳ್ಕೊಂಡಾಗ ಒದ್ದೆ ಕನ್ನಡಕ ಹಾಕ್ಕೊಂಡ ಹಾಗೆ. ಕೆಲಸ ನಿಂತಾಗ ತೆಗೆದು ಮೆತ್ತನೆ ಬಟ್ಟೆ ಚೀಲದಲ್ಲಿ ಹಾಕಿ ಅಂಗಿಯ ಜೇಬಿಗೆ, ಸ್ವೆಟರ್ ಒಳಗೆ ಇಟ್ಕೊಳ್ಳಿ. ಮೈಶಾಖಕ್ಕೆ ಗಾಜು ಬೆಚ್ಚಗಿರುತ್ತೆ. ಬೆಚ್ಚಗಿರೋ ಗಾಜಿಗೆ ಆವಿ ಸುಲಭಕ್ಕೆ ಕೂರಲ್ಲ. ಬೆಳಗ್ಗೆ ಮನೆಯಿಂದ ಹೊರಡೋವಾಗಲೂ ಟೂಲ್ ಬಾಕ್ಸಿಗೆ ಹಾಕದೆ ಜೇಬಲ್ಲೇ ತನ್ನಿ.

ಕೊಳ್ಳೋವಾಗ ಗಾಳಿ ಓಡಾಡೋ ದಾರಿ ನೋಡಿ. ಸುತ್ತ ಮುಚ್ಚಿದ ಗಾಗಲ್ ಆದರೆ ಮೇಲೆ ಕೆಳಗೆ ಅಂಗಿ ಗುಂಡಿ ಥರದ ವೆಂಟ್, ಅಂದ್ರೆ ಗಾಳಿಕಿಂಡಿ, ಇರಬೇಕು. ಬರೀ ತೂತಿನ ವೆಂಟಲ್ಲಿ ಗಾಳಿ ಚೆನ್ನಾಗಿ ಆಡುತ್ತೆ, ಆದರೆ ಕಬ್ಬಿಣದ ಪುಡಿಯೂ ನುಗ್ಗುತ್ತೆ. ಕೆಮಿಕಲ್ ಕೆಲಸಕ್ಕಂತೂ ಅದು ಆಗೋದೇ ಇಲ್ಲ. ಮುಚ್ಚಳ ಇರೋ ಗುಂಡಿಯದೇ ತಗೊಳ್ಳಿ. ಕೆಲವರು ಧೂಳು ಬರುತ್ತೆ ಅಂತ ಆ ಗುಂಡಿಗಳ ಮೇಲೆ ಟೇಪ್ ಅಂಟಿಸ್ತಾರೆ, ಆಮೇಲೆ ಆವಿ ಆವಿ ಅಂತ ಗೋಳಾಡ್ತಾರೆ! ವಾರಕ್ಕೊಂದು ಸಲ ಹಳೇ ಟೂತ್‌ಬ್ರಶ್ಶಲ್ಲಿ ವೆಂಟಿನ ಧೂಳು ಉಜ್ಜಿ ತೆಗೀರಿ.

ಎಸ್‌ಜೆಪಿ ರೋಡಲ್ಲಿ, ನಮ್ಮೂರ ಹಾರ್ಡ್‌ವೇರ್ ಅಂಗಡಿಗಳ ಬೀದಿಯಲ್ಲಿ, ಕೊಳ್ಳೋವಾಗ ನಾನು ಪಕ್ಕದಿಂದ ಒಂದು ಬಿಸಿ ಟೀ ತರಿಸಿ ಕನ್ನಡಕವನ್ನ ಲೋಟದ ಮೇಲೆ ಹಿಡಿದು ನೋಡ್ತೀನಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಆಂಟಿ ಫಾಗ್ ಅಂತ ಬರೀ ಡಬ್ಬಿ ಮೇಲೆ ಬರೆದಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತೆ. ಇಎನ್ 166 ಅನ್ನೋ ಯೂರೋಪಿನ ಗುಣಮಟ್ಟದ ಗುರುತಿನ ಕನ್ನಡಕದಲ್ಲಿ ಗಾಜಿನ ಅಂಚಿಗೆ 'ಎನ್' ಅಕ್ಷರ ಇದ್ದರೆ ಆವಿ ತಡೆಯೋ ಪರೀಕ್ಷೆ ಪಾಸಾಗಿದೆ ಅಂತ. 'ಕೆ' ಇದ್ದರೆ ಗೀರು ತಡೆಯುತ್ತೆ ಅಂತ. ನಮ್ಮ ದೇಶದ ಐಎಸ್ 5983 ಗುರುತೂ ನೋಡಿ. ಇಂಥ ಲೇಪ ಇರೋ ಗಾಜನ್ನ ಒದ್ದೆ ಇದ್ದಾಗ ಉಜ್ಜಬಾರದು. ನೀರಲ್ಲಿ ತೊಳೆದು, ಕೊಡವಿ, ಒಣಗಲು ಬಿಡಿ. ತಿಕ್ಕಿದರೆ ಲೇಪ ಹೋಗುತ್ತೆ, ಉಳಿಯೋದು ಮಾಮೂಲಿ ಕನ್ನಡಕ.

ಮಾಮೂಲಿ ಕನ್ನಡಕಕ್ಕೆ ಸೋಪಿನ ನೀರು ಸಾಕು. ಸೋಪು ನೀರಿನ ಬಿಗಿತ ಕಮ್ಮಿ ಮಾಡುತ್ತೆ. ಹನಿಗಳು ಗುಂಡಗೆ ನಿಲ್ಲದೆ ತೆಳುವಾಗಿ ಹರಡಿಕೊಳ್ತವೆ, ಹರಡಿದ ನೀರಿನ ಮೂಲಕ ಕಾಣುತ್ತೆ. 2011ರಲ್ಲಿ ಇಂಗ್ಲೆಂಡಿನ ಸರ್ಜನ್‌ಗಳ ಪತ್ರಿಕೆಯೊಂದರಲ್ಲೂ ಮಾಸ್ಕ್ ಹಾಕೋ ಡಾಕ್ಟರುಗಳಿಗೆ ಇದೇ ಉಪಾಯ ಹೇಳಿದ್ರು. ಮಾಡೋದು ಹೀಗೆ: ಮೊದಲು ನಲ್ಲಿ ಕೆಳಗೆ ಹಿಡಿದು ಪುಡಿ ಎಲ್ಲ ಹರಿದು ಹೋಗಲಿ. ಒಣ ಬಟ್ಟೆಯಲ್ಲಿ ಒರೆಸಿದರೆ ಆ ಪುಡಿಯೇ ಗಾಜನ್ನ ಗೀರುತ್ತೆ. ಅರ್ಧ ಮಗ್ ನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಅಥವಾ ಮಕ್ಕಳ ಶಾಂಪೂ ಹಾಕಿ, ಕನ್ನಡಕ ಅದ್ದಿ, ಕೊಡವಿ, ತಾನಾಗಿ ಒಣಗಲಿ. ಮತ್ತೆ ತೊಳೀಬೇಡಿ, ಉಳಿಯೋ ಪೊರೆಯೇ ನಮಗೆ ಬೇಕಾದ್ದು. ಕಂಡಿಷನರ್ ಸೇರಿದ ಶಾಂಪೂ ಬೇಡ, ಜಿಡ್ಡು ಬಿಡುತ್ತೆ. ದಪ್ಪ ಹಚ್ಚಿದರೂ ಕೆಟ್ಟದ್ದೇ, ಬೆವರಿಗೆ ಕರಗಿ ಕಣ್ಣು ಉರಿಯುತ್ತೆ. ಟೂತ್‌ಪೇಸ್ಟ್ ಗೀರುತ್ತೆ. ಥಿನ್ನರ್, ಪೆಟ್ರೋಲ್ ಹತ್ತಿರವೂ ತರಬೇಡಿ. ನಾವು ಗಾಜು ಅನ್ನೋದು ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್, ಅದು ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಟ್ಟು ಪೆಟ್ಟು ತಾಳೋ ಶಕ್ತಿ ಕಳ್ಕೊಳ್ಳುತ್ತೆ.

ನಂಬರ್ ಕನ್ನಡಕ ಇರೋರಿಗೆ ಡಬಲ್ ಕೆಲಸ. ಅದರ ಮೇಲೆ ಗಾಗಲ್ ಹಾಕಿದಾಗ ಎರಡಕ್ಕೂ ಸೋಪು ಮಾಡಬೇಕು, ಇಲ್ಲಾಂದ್ರೆ ಹೊರಗಿನದು ಸ್ವಚ್ಛ, ಒಳಗಿನದು ಮಬ್ಬು. ನಂಬರ್ ಹಾಕಿಸಿದ ಸೇಫ್ಟಿ ಕನ್ನಡಕ ಸ್ವಲ್ಪ ದುಬಾರಿ, ಆದರೆ ದಿನಾ ಇದೇ ಕೆಲಸ ಅಂದ್ರೆ ಅದೇ ಲೇಸು.

ಕೆಲಸದ ಸರದಿಯನ್ನೂ ಸ್ವಲ್ಪ ತಿರುಗಿಸಬಹುದು. ಮಂಜು ಬಿದ್ದ ದಿನ ನಾನು ಬೆಳಗ್ಗೆ ಅಳತೆ, ಮಾರ್ಕಿಂಗ್, ಸಾಮಾನು ಇಳಿಸೋದು ಇಟ್ಕೊಂಡು, ಕತ್ತರಿಸೋದನ್ನ ಬಿಸಿಲು ಬಂದ ಮೇಲೆ ಶುರು ಮಾಡಿಸ್ತೀನಿ. ಭಾರ ಹೊತ್ತು ಏದುಸಿರು ಬಿಡೋವಾಗಲೇ ಮಷಿನ್ ಹಿಡಿಯೋಕೆ ಬಿಡಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗೋ ತನಕ ಈ ಏರ್ಪಾಡು.

ಇಷ್ಟೆಲ್ಲ ಮಾಡಿಯೂ ಕತ್ತರಿಸೋ ನಡುವೆ ಮಬ್ಬಾಯ್ತು ಅಂದ್ರೆ ಮಷಿನ್ ಆಫ್ ಮಾಡಿ, ಡಿಸ್ಕ್ ಪೂರ್ತಿ ನಿಲ್ಲೋವರೆಗೆ ಕೈಯಲ್ಲೇ ಹಿಡಿದಿರಿ, ಆಮೇಲೆ ಕೆಳಗಿಡಿ. ಗ್ಲೌಸ್ ಹಾಕಿದ ಬೆರಳನ್ನ ಕನ್ನಡಕದ ಒಳಗೆ ತೂರಿಸಬೇಡಿ. ಪಕ್ಕದಲ್ಲಿ ಬೇರೆಯವರು ಕತ್ತರಿಸ್ತಿದ್ರೆ ಅಲ್ಲಿಂದ ದೂರ ಬನ್ನಿ. ಟೋಪಿ, ಹುಬ್ಬಿನ ಮೇಲೆ ಕೂತಿರೋ ಕಬ್ಬಿಣದ ಪುಡಿ ಕನ್ನಡಕ ತೆಗೆಯೋವಾಗಲೇ ಕಣ್ಣಿಗೆ ಉದುರೋದು. ಅದಕ್ಕೆ ಗ್ಲೌಸ್ ಬಿಚ್ಚಿ, ಕಣ್ಣು ಮುಚ್ಚಿ, ಮುಂದಕ್ಕೆ ಬಗ್ಗಿ, ಪಟ್ಟಿಯನ್ನ ಹಿಂದಿನಿಂದ ಎತ್ತಿ ತೆಗೀರಿ. ಹುಬ್ಬು ಕೊಡವಿಕೊಂಡ ಮೇಲೇ ಕಣ್ಣು ಬಿಡಿ.