ಹಳೆಯ ಟೈಮ್‌ಶೇರ್ ಕೊಳ್ಳುವಾಗ ಕ್ರೆಡಿಟ್ ಕಾರ್ಡ್ ಎಲ್ಲಿ ಉಜ್ಜಬೇಕು, ಎಲ್ಲಿ ಉಜ್ಜಬಾರದು

ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದಾಗ ಆರ್ಲ್ಯಾಂಡೊ ಪ್ರವಾಸದ ಮಾತು ಬಂದೇ ಬರುತ್ತದೆ. ಐದಾರು ದಿನ ಅನ್ನ ಸಾರಿಲ್ಲದೆ ಹೋಟೆಲ್ ರೂಮಿನಲ್ಲಿ ಕಳೆಯುವುದು ಹಿರಿಯರಿಗೆ ಕಷ್ಟ. ಅಡುಗೆಮನೆ ಇರುವ ಟೈಮ್‌ಶೇರ್, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೆ ಕೆಲವು ದಿನ ಉಳಿಯುವ ಹಕ್ಕು, ಇದರ ಮೇಲೆ ಅಮೆರಿಕಕ್ಕೆ ಹೊಸಬರಾದವರಿಗೆ ಮನಸ್ಸಾಗುವುದೇ ಆಗ. ಕಂಪನಿಯಿಂದ ಕೊಳ್ಳದೆ ಹಳೆಯ ಮಾಲೀಕರಿಂದ ಕೊಂಡರೆ ದುಡ್ಡು ಉಳಿಯುತ್ತದೆ, ಅದು ನಿಜ. ಆದರೆ ಪೂರ್ತಿ ಹಣವನ್ನು ಕಾರ್ಡಿನಲ್ಲೇ ಕಟ್ಟಿ ರಿವಾರ್ಡ್ ಗಳಿಸೋಣ ಅಂದುಕೊಂಡರೆ ಸಾಮಾನ್ಯವಾಗಿ ನಷ್ಟವೇ ಆಗುತ್ತದೆ.

ಡಿಸ್ನಿ ಕಂಪನಿಯ ಟೈಮ್‌ಶೇರ್ ಆದ ಡಿಸ್ನಿ ವೆಕೇಶನ್ ಕ್ಲಬ್ಬನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ಮಾಲೀಕರಿಗೆ ವರ್ಷ ವರ್ಷ ಪಾಯಿಂಟ್ಸ್ ಸಿಗುತ್ತವೆ, ಅವನ್ನು ಕೊಟ್ಟು ರೂಮು ಕಾಯ್ದಿರಿಸುತ್ತಾರೆ. ಮಾರುವವರು ನಿಮ್ಮ ಬೆಲೆಗೆ ಒಪ್ಪಿದ ಮೇಲೆ ಸುಮಾರು ಶೇ. 10 ಮುಂಗಡ ಕಟ್ಟಬೇಕು. ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕು ಡಿಸ್ನಿಗಿದೆ, ಅದರ ಉತ್ತರಕ್ಕೆ 30 ದಿನದವರೆಗೆ ಕಾಯಬೇಕಾಗಬಹುದು. ಆಮೇಲೆ ಎಸ್ಟಾಪೆಲ್ ಬರುತ್ತದೆ. ಮಾರುವವರ ಬಾಕಿ ಎಷ್ಟು, ಪಾಯಿಂಟ್ಸ್ ಎಷ್ಟು ಉಳಿದಿವೆ ಎಂದು ಹೇಳುವ ಪತ್ರ ಇದು. ಪ್ರತಿ ಸಾಲನ್ನೂ ಜಾಹೀರಾತಿನ ಜೊತೆ ಇಟ್ಟು ತಾಳೆ ನೋಡಿ. ಕೊನೆಗೆ ಉಳಿದ ಹಣ ಕಟ್ಟಿ, ಕೌಂಟಿಯಲ್ಲಿ ಕ್ರಯಪತ್ರ ನೋಂದಣಿ. ಎಲ್ಲ ಸೇರಿ ಎರಡು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ.

ಮಾರಾಟ ಮಾಡಿಸಿಕೊಡುವ ಏಜೆಂಟರಲ್ಲಿ ಮುಂಗಡಕ್ಕೆ ಕಾರ್ಡ್ ಒಪ್ಪುವವರು ಇದ್ದಾರೆ. ಉಳಿದ ಹಣಕ್ಕೆ ಹೆಚ್ಚಾಗಿ ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಅಥವಾ ಬ್ಯಾಂಕೇ ಬರೆದುಕೊಡುವ ಕ್ಯಾಷಿಯರ್ಸ್ ಚೆಕ್ಕನ್ನೇ ಕೇಳುತ್ತಾರೆ. ಅದಕ್ಕೂ ಕಾರ್ಡ್ ನಡೆಯುತ್ತದೆ ಅಂದರೆ ಮೊದಲು ಶುಲ್ಕ ಎಷ್ಟೆಂದು ಕೇಳಿ. ಬೆಲೆ 12,000 ಡಾಲರ್, ಶುಲ್ಕ ಶೇ. 3 ಅಂತಿಟ್ಟುಕೊಳ್ಳಿ: 360 ಡಾಲರ್ ಹೋಯಿತು. ಶೇ. 2 ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡಿನಿಂದ ಬರುವುದು 240. ಕೈಯಿಂದ 120 ಹೋದಂತಾಯಿತು. ತೀರಿಸದೆ ಒಂದು ತಿಂಗಳು ಬಿಟ್ಟರೆ ವರ್ಷಕ್ಕೆ ಶೇ. 22ರ ಬಡ್ಡಿಯಲ್ಲಿ ಇನ್ನೂ 220.

ಲೆಕ್ಕ ಗಿಟ್ಟುವುದು ಹೊಸ ಕಾರ್ಡಿನ ಆರಂಭದ ಬೋನಸ್‌ನಲ್ಲಿ ಮಾತ್ರ. ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿದರೆ 600 ಡಾಲರ್ ಬೋನಸ್ ಎಂದಿದ್ದರೆ, ಆ 4,000ಕ್ಕೆ 120 ಶುಲ್ಕ ತೆತ್ತರೂ ಲಾಭವೇ. ಅಷ್ಟಕ್ಕೆ ನಿಲ್ಲಿಸಿ, ಉಳಿದ 8,000 ವೈರ್ ಮಾಡಿ. ಇಲ್ಲಿ ಅನೇಕರು ಎಡವುವುದು ದಿನಾಂಕದಲ್ಲಿ: ಕೊನೆಯ ಕಂತನ್ನು ನಂಬಿ ಕಾರ್ಡ್ ತೆಗೆದಿರುತ್ತಾರೆ, ಡಿಸ್ನಿಯ ಉತ್ತರ, ಮಾರುವವರ ಸಹಿ ಎಲ್ಲ ತಡವಾಗಿ ಮೂರು ತಿಂಗಳು ಮುಗಿದೇ ಹೋಗುತ್ತದೆ. ಮುಂಗಡ ಕಟ್ಟುವ ವಾರ ಕಾರ್ಡ್ ಕೈಯಲ್ಲಿರುವಂತೆ ನೋಡಿಕೊಳ್ಳಿ, ಉಳಿದದ್ದಕ್ಕೆ ದಿನಸಿ, ಇನ್ಶೂರೆನ್ಸ್ ಖರ್ಚನ್ನು ಲೆಕ್ಕ ಹಾಕಿಡಿ. ಕಾರ್ಡಿನ ಖಾತೆಯ ಮೇಲೆ ಬರೆಯಲೆಂದು ಬ್ಯಾಂಕ್ ಅಂಚೆಯಲ್ಲಿ ಕಳಿಸುವ ಕನ್ವೀನಿಯನ್ಸ್ ಚೆಕ್ಕನ್ನು ಮಾತ್ರ ಮುಟ್ಟಬೇಡಿ. ಅದು ಸಾಮಾನ್ಯವಾಗಿ ನಗದು ಸಾಲದ ಲೆಕ್ಕಕ್ಕೆ ಹೋಗುತ್ತದೆ: ಮೊದಲ ದಿನದಿಂದಲೇ ಬಡ್ಡಿ, ಕಾರ್ಡಿನ ರಿವಾರ್ಡ್ ಪಾಯಿಂಟ್ಸ್ ಇಲ್ಲ.

ಹೊಸಬರ ಕಾರ್ಡಿನ ಮಿತಿ ಚಿಕ್ಕದಿರುತ್ತದೆ. 3,000 ಮಿತಿಯಲ್ಲಿ 1,200 ಮುಂಗಡ ಅಂದರೆ ಶೇ. 40 ಬಳಕೆ, ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. ಕೊನೆಯ ಗಡುವಿನವರೆಗೆ ಕಾಯದೆ, ಸ್ಟೇಟ್‌ಮೆಂಟ್ ತಯಾರಾಗುವ ದಿನಕ್ಕೆ ಎರಡು ಮೂರು ದಿನ ಮುಂಚೆಯೇ ತೀರಿಸಿ. ಸಾಮಾನ್ಯವಾಗಿ ಸ್ಕೋರ್‌ಗೆ ಬೇಕಾದ ಮಾಹಿತಿ ಇಡುವ ಕ್ರೆಡಿಟ್ ಬ್ಯೂರೋಗೆ ಹೋಗುವುದು ಸ್ಟೇಟ್‌ಮೆಂಟ್‌ನಲ್ಲಿರುವ ಬಾಕಿಯೇ.

ರಿವಾರ್ಡ್‌ಗಿಂತ ದೊಡ್ಡ ಲಾಭ ರಕ್ಷಣೆ. 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆಯಂತೆ, ತಪ್ಪು ಬಿಲ್ಲಿನ ಬಗ್ಗೆ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ತಲುಪುವಂತೆ ಬರೆದು ತಕರಾರು ಮಾಡಬಹುದು. ವೈರ್ ಮಾಡಿದ ಹಣಕ್ಕೆ ಆ ಆಸರೆ ಇಲ್ಲ. ಆದ್ದರಿಂದ ವೈರ್ ಮಾಡುವ ಮುನ್ನ, ಇಮೇಲ್‌ನಲ್ಲಿ ಬಂದ ಖಾತೆ ಸಂಖ್ಯೆಯನ್ನು ಮೂಲ ಒಪ್ಪಂದದಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ಅಂಕಿ ಅಂಕಿಯಾಗಿ ಓದಿಸಿಕೊಳ್ಳಿ. "ಖಾತೆ ಬದಲಾಗಿದೆ" ಎಂಬ ಇಮೇಲ್ ಬಂದರೆ ಅದು ವಂಚನೆಯೆಂದೇ ತಿಳಿದು ನಡೆಯಿರಿ.

ಕಾರ್ಡಿಗೆ ವರ್ಷ ವರ್ಷ ಕೆಲಸ ಸಿಗುವುದು ಟೈಮ್‌ಶೇರ್ ಮಾಲೀಕರು ಕಟ್ಟಬೇಕಾದ ನಿರ್ವಹಣಾ ಶುಲ್ಕದಲ್ಲಿ. ಪ್ರಯಾಣಕ್ಕೆ ಹೆಚ್ಚು ಪಾಯಿಂಟ್ಸ್ ಕೊಡುವ ಕೆಲವು ಕಾರ್ಡುಗಳು ಟೈಮ್‌ಶೇರನ್ನೂ ಪ್ರಯಾಣವೆಂದೇ ಎಣಿಸುತ್ತವೆ. ಅದಕ್ಕೆ 7012 ಎಂಬ ವ್ಯಾಪಾರಿ ಸಂಕೇತವಿದೆ (ಅಂಗಡಿ ಯಾವ ಬಗೆಯದೆಂದು ಕಾರ್ಡ್ ಕಂಪನಿಗೆ ತಿಳಿಸುವ ಸಂಖ್ಯೆ). ಮುಂಗಡ ಪಡೆಯುವ ಏಜೆಂಟರ ಸಂಕೇತ ಬೇರೆ ಇರಬಹುದು, ಆಗ ಬರೀ ಮಾಮೂಲಿ ಪಾಯಿಂಟ್ಸ್.

ಇನ್ನು ಕೊಳ್ಳುವ ವಸ್ತುವಿನ ಮಾತು. ಡಿಸ್ನಿಯ ಸ್ಟುಡಿಯೊದಲ್ಲಿ, ಅಂದರೆ ಒಂದೇ ಕೋಣೆಯದ್ದರಲ್ಲಿ, ಮೈಕ್ರೋವೇವ್, ಚಿಕ್ಕ ಫ್ರಿಜ್ ಅಷ್ಟೇ. ಕುಕ್ಕರ್ ಕೂಗಿಸಬೇಕಾದರೆ ಒಂದು ಬೆಡ್‌ರೂಮಿನದ್ದೇ ಬೇಕು, ಅದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಪಾಯಿಂಟ್ಸ್. ಕ್ಲಬ್ಬಿನ ರೆಸಾರ್ಟುಗಳಲ್ಲಿ ಓಲ್ಡ್ ಕೀ ವೆಸ್ಟ್, ಬೋರ್ಡ್‌ವಾಕ್‌ಗಳ ಹೆಚ್ಚಿನ ಒಪ್ಪಂದಗಳು 2042ಕ್ಕೆ ಮುಗಿಯುತ್ತವೆ, ಸಾರಟೋಗ ಸ್ಪ್ರಿಂಗ್ಸ್ 2054ಕ್ಕೆ. ಅಗ್ಗ ಕಂಡಾಗ ಮೊದಲು ಈ ವರ್ಷ ನೋಡಿ. ರಿವಿಯೆರಾ ರೆಸಾರ್ಟನ್ನು ಹಳೆಯ ಮಾಲೀಕರಿಂದ ಕೊಂಡರೆ ಆ ಪಾಯಿಂಟ್ಸ್ ಅಲ್ಲಿಗೇ ಸೀಮಿತ. ನಿಮ್ಮ ಸ್ವಂತ ರೆಸಾರ್ಟನ್ನು 11 ತಿಂಗಳ ಮುಂಚೆ ಕಾಯ್ದಿರಿಸಬಹುದು, ಬೇರೆಯವನ್ನು 7 ತಿಂಗಳು. ಮಕ್ಕಳ ಡಿಸೆಂಬರ್ ರಜೆಗೆ ಹೋಗುವವರು ಹೋಗಬೇಕೆನಿಸಿದ ರೆಸಾರ್ಟನ್ನೇ ಕೊಳ್ಳುವುದು ಒಳ್ಳೆಯದು.

ಮಾರುವವರು ವಿದೇಶಿಯರಾದರೆ, ಅಮೆರಿಕದಲ್ಲಿ ವಿದೇಶಿಯರು ಮಾರುವ ಸ್ಥಿರಾಸ್ತಿಯ ತೆರಿಗೆಗೆಂದೇ ಇರುವ ಫಿರ್ಪ್ಟಾ ಕಾನೂನಿನಂತೆ ಸಾಮಾನ್ಯವಾಗಿ ಬೆಲೆಯ ಶೇ. 15 ಹಿಡಿದು ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವ ನಿಮ್ಮದು. ಅವರು ವಿದೇಶಿಯರಲ್ಲವೆಂಬ ಪ್ರಮಾಣಪತ್ರವನ್ನು, ಹಣ ಮತ್ತು ಕಾಗದಪತ್ರ ನೋಡಿಕೊಳ್ಳುವ ಕ್ಲೋಸಿಂಗ್ ಕಂಪನಿಯಿಂದ ಕೇಳಿ ಪಡೆಯಿರಿ. ನೀವು ಊರಿಗೆ ಮರಳಿದ ಮೇಲೆ ಮಾರಿದರೆ ಇದೇ ಶೇ. 15 ನಿಮ್ಮ ಕೈಯಿಂದ ಹಿಡಿಯುತ್ತಾರೆ. ಮಾರದೆ ಇಟ್ಟುಕೊಂಡರೆ ನಿರ್ವಹಣಾ ಶುಲ್ಕ ಬೆಂಗಳೂರಿನಿಂದಲೂ ಡಾಲರಿನಲ್ಲೇ ಕಟ್ಟಬೇಕು, ಭಾರತದ ಪೂರ್ಣ ನಿವಾಸಿಯಾದ ವರ್ಷದಿಂದ ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಇದನ್ನೂ ತೋರಿಸಬೇಕು. ವಾಪಸು ಹೋಗುವ ಯೋಚನೆ ಇರುವವರು ವಿಮಾನದ ಟಿಕೆಟ್ ತೆಗೆಸುವುದಕ್ಕೆ ನಾಲ್ಕೈದು ತಿಂಗಳು ಮುಂಚೆಯೇ ಮಾರಾಟಕ್ಕೆ ಇಡಿ.